ಕೋಚ್ ತಲೆಕೂದಲು ಕೊಟ್ಟ ಕಥೆ: ಕ್ಲಬ್ ಮುಖ್ಯಸ್ಥರ ನಶೆ ಯಾರ ವಿಷಯ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು. ಆಟಗಾರರ ನಶೆ ಬಗ್ಗೆ ಎಲ್ಲರೂ ಕೇಳುತ್ತಾರೆ. ಇವರು ಕೇಳಿರುವುದು ಆಟಗಾರರ ಮೇಲೆ ಕೂತವರ ಬಗ್ಗೆ. ಕ್ರೀಡಾ ವೈದ್ಯನಾಗಿ ನನಗೆ ಇದು ಬಹಳ ದಿನದಿಂದ ಕಾಡುತ್ತಿರುವ ವಿಷಯ. ಅದಕ್ಕೇ ಈ ವಾರ ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ.

ಪ್ರಶ್ನೆ: ನಾನು ದಾವಣಗೆರೆಯವನು, ಎಂಟು ವರ್ಷದಿಂದ ಜರ್ಮನಿಯ ಕಲೋನ್ ಹತ್ತಿರ ಕೆಲಸ ಮಾಡುತ್ತಿದ್ದೇನೆ. ಆಫೀಸಿನಲ್ಲಿ ಫುಟ್‌ಬಾಲ್ ಮಾತು ಬಂದರೆ ಸಾಕು, ವಯಸ್ಸಾದ ಸಹೋದ್ಯೋಗಿಗಳು ‘ಡೌಮ್ ಕೂದಲು’ ಅಂತ ಶುರು ಮಾಡುತ್ತಾರೆ. ಕೆಲವರು ಅದು ಆತನ ಖಾಸಗಿ ವಿಷಯ ಅಂತಾರೆ, ಕೆಲವರು ಅವನಿಗೆ ಸರಿಯಾಗೇ ಆಯ್ತು ಅಂತಾರೆ. ನಿಜಕ್ಕೂ ಏನಾಗಿತ್ತು? ನೀವೇನಂತೀರಿ?

ಒಳ್ಳೆ ಪ್ರಶ್ನೆ ಕೇಳಿದ್ದೀರಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

2000ನೇ ಇಸವಿ. ಯೂರೋ ಕಪ್‌ನಲ್ಲಿ ಜರ್ಮನಿ ಗುಂಪು ಹಂತದಲ್ಲೇ ಸೋತು ವಾಪಸ್ ಬಂದಿತ್ತು. ಹೊಸ ಕೋಚ್ ಬೇಕಿತ್ತು. ಬಾಯರ್ ಲೆವರ್ಕುಸೆನ್ ತಂಡದ ಕೋಚ್ ಕ್ರಿಸ್ಟೋಫ್ ಡೌಮ್ ಮುಂದಿನ ವರ್ಷ ರಾಷ್ಟ್ರೀಯ ತಂಡವನ್ನು ವಹಿಸಿಕೊಳ್ಳುವುದು ಅಂತ ನಿರ್ಧಾರ ಆಯಿತು. ಅಲ್ಲಿವರೆಗೆ ರೂಡಿ ಫೋಲರ್ ನೋಡಿಕೊಳ್ಳುವುದು. ಇಷ್ಟರಲ್ಲಿ ಡೌಮ್ ಕೊಕೇನ್ ತಗೋತಾನೆ ಅಂತ ಗುಸುಗುಸು ಹಬ್ಬಿತು.

ಅಕ್ಟೋಬರ್ ಶುರುವಿನಲ್ಲಿ ಬಯರ್ನ್ ಮ್ಯೂನಿಕ್ ಕ್ಲಬ್‌ನ ಮ್ಯಾನೇಜರ್ ಉಲಿ ಹೋನೆಸ್ ಒಂದು ಪತ್ರಿಕೆಗೆ ಸಂದರ್ಶನ ಕೊಟ್ಟರು. ಅದರಲ್ಲಿ ‘ಮೂಗು ಕಟ್ಟಿದ ಡೌಮ್’ ಅನ್ನೋ ಅರ್ಥದ ಮಾತು ಬಂತು. ಜರ್ಮನ್ ಭಾಷೆಯಲ್ಲಿ ಅದಕ್ಕೆ ಶೀತ ಆಗಿದೆ ಅಂತಲೂ ಅರ್ಥ. ಆದರೆ ಪುಡಿಯನ್ನು ಯಾವ ದಾರಿಯಿಂದ ಎಳೆದುಕೊಳ್ಳುತ್ತಾರೆ ಅಂತ ಗೊತ್ತಿದ್ದವರಿಗೆ ಇನ್ನೊಂದು ಅರ್ಥವೂ ಹೊಳೆಯಿತು. ಹೋನೆಸ್ ವಾದ ಸರಳವಾಗಿತ್ತು. ಮಾದಕ ವಸ್ತು ಬೇಡ ಅಂತ ಮಕ್ಕಳಿಗೆ ಅಭಿಯಾನ ನಡೆಸುವ ಫುಟ್‌ಬಾಲ್ ಸಂಸ್ಥೆ, ಡೌಮ್ ಬಗ್ಗೆ ಬರೆದಿರೋದೆಲ್ಲ ನಿಜವಾದರೆ, ಇಂಥವರನ್ನು ಕೋಚ್ ಮಾಡೋಕಾಗಲ್ಲ.

ದೇಶವೆಲ್ಲ ಹೋನೆಸ್ ಮೇಲೆ ತಿರುಗಿಬಿತ್ತು. ಹೊಟ್ಟೆಕಿಚ್ಚು ಅಂದರು, ಚಾರಿತ್ರ್ಯವಧೆ ಅಂದರು. ಡೌಮ್ ಪತ್ರಕರ್ತರನ್ನು ಕರೆದು, ಕೂದಲ ಪರೀಕ್ಷೆ ಮಾಡಿಸುತ್ತೇನೆ, ನನ್ನ ಮನಸ್ಸಾಕ್ಷಿ ಸಂಪೂರ್ಣ ಶುದ್ಧವಾಗಿದೆ, ಅದಕ್ಕೇ ಮಾಡಿಸುತ್ತಿದ್ದೇನೆ ಅಂದರು. ಯಾರೂ ಬಲವಂತ ಮಾಡಿರಲಿಲ್ಲ.

ಕೂದಲ ಪರೀಕ್ಷೆ ಅಂದರೆ ಏನು ಅಂತ ಇಲ್ಲಿ ಹೇಳಿಬಿಡುತ್ತೇನೆ. ತಲೆಯ ಹಿಂಭಾಗದಿಂದ, ಚರ್ಮಕ್ಕೆ ಅಂಟಿದ ಹಾಗೆ, ಒಂದು ಪೆನ್ಸಿಲ್ ದಪ್ಪದಷ್ಟು ಕೂದಲು ಕತ್ತರಿಸುತ್ತೇವೆ. ಅದನ್ನು ದಾರದಲ್ಲಿ ಕಟ್ಟಿ, ಬುಡ ಯಾವ ಕಡೆ ಅಂತ ಗುರುತು ಹಾಕಿ, ಫಾಯಿಲ್‌ನಲ್ಲಿ ಸುತ್ತುತ್ತೇವೆ. ಬುಡ ಯಾಕೆ ಮುಖ್ಯ ಅಂದರೆ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತೆ. ಬುಡದ ಮೊದಲ 3 ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಹೋದ ಮೂರು ತಿಂಗಳ ಡೈರಿ. ಮೂತ್ರದಲ್ಲಿ ಕೊಕೇನ್‌ನ ಗುರುತು ಸಾಮಾನ್ಯವಾಗಿ ಎರಡು ಮೂರು ದಿನ ಇದ್ದು ಹೋಗುತ್ತೆ. ಕೂದಲಲ್ಲಿ ಹಾಗಲ್ಲ.

ಫಲಿತಾಂಶ ಬಂತು. ಕೊಕೇನ್ ಇತ್ತು. ಅಕ್ಟೋಬರ್ 21ಕ್ಕೆ ಲೆವರ್ಕುಸೆನ್ ಕೆಲಸ ಹೋಯಿತು, ರಾಷ್ಟ್ರೀಯ ತಂಡದ ಕೆಲಸ ಕೈಗೆ ಬರುವ ಮೊದಲೇ ಹೋಯಿತು. ಡೌಮ್ ಅಮೆರಿಕದ ಫ್ಲೋರಿಡಾಗೆ ಹಾರಿದರು. 2001ರ ಜನವರಿಯಲ್ಲಿ ವಾಪಸ್ ಬಂದು, ಹೌದು, ತಗೊಂಡಿದ್ದೆ ಅಂತ ಒಪ್ಪಿಕೊಂಡರು. ಕೋಬ್ಲೆನ್ಸ್ ಊರಿನ ಕೋರ್ಟಿನಲ್ಲಿ ಕೇಸು ನಡೆಯಿತು. ಕೊನೆಗೆ 2002ರಲ್ಲಿ 10,000 ಯೂರೋ ಕಟ್ಟಿಸಿಕೊಂಡು ಅದನ್ನು ಮುಗಿಸಿದರು.

ಈಗ ನನ್ನ ಅಭಿಪ್ರಾಯ. ಡೌಮ್ ತನ್ನ ಮನೆಯಲ್ಲಿ ಏನು ಮಾಡಿದರು ಅನ್ನೋದು ಮೊದಲು ವೈದ್ಯರ ವಿಷಯ, ಆಮೇಲೆ ಕಾನೂನಿನ ವಿಷಯ. ಜರ್ಮನಿಯಲ್ಲಿ ಸೇವಿಸೋದೇ ಅಪರಾಧ ಅಲ್ಲ, ಇಟ್ಟುಕೊಳ್ಳೋದು, ಕೊಳ್ಳೋದು ಅಪರಾಧ. ಆದರೆ ಅವರು ಹುಡುಗರ ಹಣೆಬರಹ ಬರೆಯುವ ಜಾಗದಲ್ಲಿ ಕೂತಿದ್ದರು. ತಂಡದಲ್ಲಿ ಯಾರು ಇರಬೇಕು, ಯಾರು ಶಿಸ್ತು ತಪ್ಪಿದ, ಯಾರನ್ನು ಮನೆಗೆ ಕಳಿಸಬೇಕು ಅಂತ ಹೇಳುವ ಜಾಗ ಅದು. ಅಲ್ಲಿ ಕೂತು, ನೇರವಾಗಿ ಕೇಳಿದಾಗ ಸುಳ್ಳು ಹೇಳಿದರೆ ಅದು ಖಾಸಗಿ ಅಲ್ಲ. ನನ್ನ ಲೆಕ್ಕದಲ್ಲಿ ಅವರನ್ನು ಕೆಳಗಿಳಿಸಿದ್ದು ಕೂದಲಲ್ಲ, ಆ ಪತ್ರಿಕಾಗೋಷ್ಠಿ.

ಹಾಗಂತ ಹೋನೆಸ್ ಮಾಡಿದ್ದು ಸರಿ ಅಂತ ನಾನು ಹೇಳಲ್ಲ. ಮಾತು ನಿಜವಾಯಿತು, ಸರಿ. ಆದರೆ ಎದುರಾಳಿ ಕ್ಲಬ್ಬಿನ ಮ್ಯಾನೇಜರ್ ಪತ್ರಿಕೆಯಲ್ಲಿ ಮೂಗಿನ ಮಾತಾಡಿ ಒಬ್ಬ ಮನುಷ್ಯನನ್ನು ಪರೀಕ್ಷೆಗೆ ತಳ್ಳೋದು ಯಾವ ವ್ಯವಸ್ಥೆ? ಕೂದಲಲ್ಲಿ ಏನೂ ಸಿಗದೇ ಇದ್ದಿದ್ದರೆ? ಆ ಎರಡು ವಾರ ಆತನ ಮನೆಯವರು ಹೇಗೆ ಇದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಫುಟ್‌ಬಾಲ್ ಸಂಸ್ಥೆ ಕೆಲಸ ಕೊಡುವ ಮೊದಲೇ ಎದುರು ಕೂರಿಸಿ ಕೇಳಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ಇನ್ನೊಂದು ವಿಷಯ ನಿಮ್ಮ ಸಹೋದ್ಯೋಗಿಗಳಿಗೂ ನೆನಪಿರುತ್ತೆ. ಅದೇ ಹೋನೆಸ್ ಮುಂದೆ ಬಯರ್ನ್ ಅಧ್ಯಕ್ಷರಾದರು. 2014ರ ಮಾರ್ಚ್‌ನಲ್ಲಿ 28.5 ಮಿಲಿಯನ್ ಯೂರೋ ತೆರಿಗೆ ವಂಚನೆಗೆ ಮೂರೂವರೆ ವರ್ಷ ಶಿಕ್ಷೆಯಾಯಿತು. ಮಾರನೇ ದಿನವೇ ರಾಜೀನಾಮೆ ಕೊಟ್ಟರು. 2016ರಲ್ಲಿ ಜೈಲಿಂದ ಹೊರಬಂದು ಅದೇ ವರ್ಷ ಮತ್ತೆ ಅಧ್ಯಕ್ಷರಾದರು. ನಶೆ ಬೇರೆ, ತೆರಿಗೆ ಬೇರೆ, ಒಪ್ಪುತ್ತೇನೆ. ಆದರೂ ಕ್ಲಬ್ಬಿನ ದೊಡ್ಡವರು ಬಿದ್ದಾಗ ಎಷ್ಟು ಬೇಗ ಎದ್ದು ಅದೇ ಕುರ್ಚಿಗೆ ಬರುತ್ತಾರೆ ನೋಡಿ. ಒಬ್ಬ ಇಪ್ಪತ್ತು ವರ್ಷದ ಆಟಗಾರ ಎರಡು ವರ್ಷ ಹೊರಗಿದ್ದರೆ ಅವನ ಆಟವೇ ಮುಗಿದಿರುತ್ತೆ.

ಪ್ರಶ್ನೆ: ನಾನು ಹಿಂದೆ ವಿಶ್ವವಿದ್ಯಾಲಯ ಮಟ್ಟದಲ್ಲಿ ಅಥ್ಲೆಟಿಕ್ಸ್ ಆಡಿದವನು, ಊರು ಹುಬ್ಬಳ್ಳಿ. ಆಟಗಾರ ಸಿಕ್ಕಿಬಿದ್ದರೆ ದೊಡ್ಡ ಸುದ್ದಿ. ಕ್ಲಬ್ ಮಾಲೀಕರಿಗೆ, ಅಧ್ಯಕ್ಷರಿಗೆ ಪರೀಕ್ಷೆಯೇ ಇಲ್ಲವಲ್ಲ ಸರ್? ಇದ್ಯಾವ ನ್ಯಾಯ?

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತೆ. ಪರೀಕ್ಷೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಓದುಗರಿಗೆ ಹೇಳುತ್ತೇನೆ. ಬನಿಯನ್ ಎದೆವರೆಗೆ ಎತ್ತಿ, ಪ್ಯಾಂಟು ಮೊಣಕಾಲಿಗೆ ಇಳಿಸಿ, ಅಧಿಕಾರಿ ನೋಡುತ್ತಿರುವಾಗಲೇ 90 ಎಂಎಲ್ ಮೂತ್ರ ಕೊಡಬೇಕು. ಬರದಿದ್ದರೆ ನೀರು ಕುಡಿದು ಕಾಯಬೇಕು. ಸೋತ ಪಂದ್ಯ ಆದರೂ ಅಷ್ಟೇ, ರಾತ್ರಿ ಹನ್ನೊಂದಾದರೂ ಅಷ್ಟೇ. ಹತ್ತೊಂಬತ್ತರ ಹುಡುಗ ಅದನ್ನು ಮಾಡುತ್ತಾನೆ. ಅವನ ಸಂಬಳದ ಚೆಕ್ಕಿಗೆ ಸಹಿ ಹಾಕುವವರಿಗೆ ಆ ಬಾಟಲಿ ಯಾರೂ ಕೊಡಲ್ಲ.

ಕೋಚು, ಫಿಸಿಯೋ, ತಂಡದ ವೈದ್ಯರು ವಾಡಾ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಯಮದೊಳಗೆ ಬರುತ್ತಾರೆ, ಸರಿಯಾದ ಕಾರಣವಿಲ್ಲದೆ ನಿಷೇಧಿತ ವಸ್ತು ಬಳಸಬಾರದು, ಇಟ್ಟುಕೊಳ್ಳಬಾರದು ಅಂತ ಇದೆ. ಆದರೆ ಮಾದರಿ ತೆಗೆದುಕೊಳ್ಳೋದು ಆಟಗಾರರಿಂದ ಮಾತ್ರ. ಅದಕ್ಕೆ ಕಾರಣವೂ ಇದೆ. ಆ ನಿಯಮ ಹುಟ್ಟಿದ್ದು ಆಟದಲ್ಲಿ ಮೋಸ ತಡೆಯೋದಕ್ಕೆ. ಅಧ್ಯಕ್ಷರು ಓಡಲ್ಲ, ಚೆಂಡು ಎಸೆಯಲ್ಲ.

ಆಟಗಾರರ ವಿಷಯದಲ್ಲಿ ನಿಯಮ ಈಗ ಸ್ವಲ್ಪ ಮನುಷ್ಯತ್ವ ಕಲಿತಿದೆ. 2021ರಿಂದ ಕೊಕೇನ್, ಹೆರಾಯಿನ್, ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ಇಂಥವನ್ನು ಬೇರೆ ಸಾಲಿಗೆ ಹಾಕಿದ್ದಾರೆ. ಪಂದ್ಯದ ಹೊತ್ತಲ್ಲದೆ ತಗೊಂಡಿದ್ದು, ಆಟಕ್ಕೆ ಸಂಬಂಧ ಇಲ್ಲ ಅಂತ ತೋರಿಸಿದರೆ ಮೂರು ತಿಂಗಳು ನಿಷೇಧ, ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ ಒಂದೇ ತಿಂಗಳು. 2025ರ ಐಪಿಎಲ್‌ನಲ್ಲಿ ಗುಜರಾತ್ ಟೈಟನ್ಸ್ ಬಿಟ್ಟು ಹೊರಟ ಕಗಿಸೊ ರಬಾಡ ನೆನಪಿದ್ದಾರಲ್ವಾ? ಅದು ಇದೇ ನಿಯಮ. ಒಂದು ತಿಂಗಳು ಹೊರಗಿದ್ದರು, ಕ್ಷಮೆ ಕೇಳಿದರು, ವಾಪಸ್ ಬಂದರು.

ಮಾಲೀಕರ ಕಥೆ ಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ತಂಡದ ಮಾಲೀಕ ಜಿಮ್ ಅರ್ಸೆ. 2014ರ ಮಾರ್ಚ್‌ನಲ್ಲಿ ಪೊಲೀಸರು ಅವರ ಕಾರು ನಿಲ್ಲಿಸಿದಾಗ ಒಳಗೆ ಮಾತ್ರೆಗಳು, 29,000 ಡಾಲರ್‌ಗೂ ಜಾಸ್ತಿ ನಗದು. ರಕ್ತದಲ್ಲಿ ನೋವಿನ ಮಾತ್ರೆಗಳ ಅಮಲು. ಸೆಪ್ಟೆಂಬರ್‌ನಲ್ಲಿ ತಪ್ಪೊಪ್ಪಿಕೊಂಡರು. ಲೀಗ್ ಅವರನ್ನು ಆರು ಪಂದ್ಯ ಹೊರಗಿಟ್ಟು 5 ಲಕ್ಷ ಡಾಲರ್ ದಂಡ ಹಾಕಿತು. ಅದೇ ವರ್ಷ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆಟಗಾರ ಜೋಶ್ ಗಾರ್ಡನ್‌ಗೆ ಗಾಂಜಾ ವಿಷಯದಲ್ಲಿ ಮೊದಲು ಇಡೀ ಸೀಸನ್ ನಿಷೇಧ, ಆಮೇಲೆ ನಿಯಮ ಬದಲಾಗಿ ಹತ್ತು ಪಂದ್ಯ. ಗಾರ್ಡನ್‌ದು ಮೊದಲ ತಪ್ಪಲ್ಲ, ಅದನ್ನೂ ಹೇಳಬೇಕು. ಆದರೆ ಅಮಲಿನಲ್ಲಿ ರಸ್ತೆಗೆ ಕಾರು ಇಳಿಸಿದವರಿಗೆ ಆರು, ಗಾಂಜಾ ಸೇದಿದ ಹುಡುಗನಿಗೆ ಹತ್ತು ಅಂದರೆ ನನಗೆ ಗಂಟಲಲ್ಲಿ ಇಳಿಯಲ್ಲ.

ಅರ್ಸೆ ಬಗ್ಗೆ ಒಂದು ಒಳ್ಳೆ ಮಾತು. ಅವರು ಮುಚ್ಚಿಡಲಿಲ್ಲ. ತನ್ನ ಚಟದ ಬಗ್ಗೆ ಬಾಯಿಬಿಟ್ಟು ಮಾತಾಡಿದರು. ಮಾನಸಿಕ ಆರೋಗ್ಯದ ಸುತ್ತ ಇರುವ ನಾಚಿಕೆ ಹೋಗಲಿ ಅಂತ ಅವರ ಕುಟುಂಬವೇ ಒಂದು ಕಾರ್ಯಕ್ರಮ ನಡೆಸಿತು. 2025ರ ಮೇ ತಿಂಗಳಲ್ಲಿ ತೀರಿಕೊಂಡರು.

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 14 ವರ್ಷ. ನಮ್ಮ ಊರಿನ ಕ್ಲಬ್ಬಲ್ಲಿ ಕ್ರಿಕೆಟ್ ಕಲಿಯುತ್ತಾನೆ. ಕ್ಲಬ್ಬಿನ ಅಧ್ಯಕ್ಷರು ಪಾರ್ಟಿಗಳಲ್ಲಿ ‘ಏನೋ’ ತಗೋತಾರೆ ಅಂತ ಅಮ್ಮಂದಿರ ನಡುವೆ ಮಾತು. ನಾನು ಪೋಷಕರ ವಾಟ್ಸಾಪ್ ಗುಂಪಲ್ಲಿ ಹಾಕಲಾ? ಸುಮ್ನಿರಲಾ? ರಾತ್ರಿ ನಿದ್ದೆ ಬರ್ತಿಲ್ಲ.

ಅಮ್ಮಾ, ವಾಟ್ಸಾಪ್‌ನಲ್ಲಿ ಹಾಕಬೇಡಿ. ನೀವು ಕಣ್ಣಾರೆ ನೋಡಿಲ್ಲ. ಸುಳ್ಳಾದರೆ ಒಬ್ಬರ ಮರ್ಯಾದೆ ಹೋಗುತ್ತೆ, ನಿಮ್ಮ ಮೇಲೆ ಮಾನನಷ್ಟದ ಕೇಸು ಬರಬಹುದು. ನಿಜವಾದರೂ ಅವರು ಎಚ್ಚೆತ್ತು ಎಲ್ಲ ಮುಚ್ಚಿಹಾಕುತ್ತಾರೆ, ಮಗನಿಗೆ ಕ್ಲಬ್ಬಲ್ಲಿ ಮುಖ ಎತ್ತಲಾಗದ ಹಾಗೆ ಆಗುತ್ತೆ.

ಮೊದಲು ಮಗನ ಜೊತೆ ಕೂತು ಮಾತಾಡಿ. ವಿಚಾರಣೆ ತರಹ ಅಲ್ಲ, ಊಟ ಬಡಿಸುವಾಗ ಸುಮ್ನೆ ಕೇಳಿದ ಹಾಗೆ. ಟೂರ್ನಮೆಂಟಿಗೆ ಹೋದಾಗ ರಾತ್ರಿ ಎಲ್ಲಿ ಮಲಗ್ತೀರಾ, ದೊಡ್ಡವರು ಯಾರಿರ್ತಾರೆ, ಯಾರಾದರೂ ಏನಾದರೂ ಕುಡಿಯೋಕೆ, ಸೇದೋಕೆ ಕೊಟ್ಟಿದ್ದಾರಾ? ಕೊಟ್ಟಿದ್ದಾರೆ ಅಂತ ಗೊತ್ತಾದರೆ ಅದು ಗುಸುಗುಸು ಅಲ್ಲ, ಅಪರಾಧ. ಮಕ್ಕಳಿಗೆ ಮದ್ಯ, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆವಾಗ ಕಮಿಟಿ, ಕ್ಲಬ್ಬು ಅಂತ ನೋಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಥವಾ ನೇರ ಪೊಲೀಸ್ ಠಾಣೆಗೆ ಹೋಗಿ.

ಮಕ್ಕಳ ತನಕ ಬಂದಿಲ್ಲ ಅಂದರೆ ನಾಲ್ಕೈದು ಪೋಷಕರು ಸೇರಿ ಕಮಿಟಿಗೆ ಪತ್ರ ಬರೆಯಿರಿ. ಯಾರ ಹೆಸರೂ ಎತ್ತಬೇಡಿ. ಮಕ್ಕಳ ಜೊತೆ ಪ್ರವಾಸ ಹೋಗುವ ಕೋಚ್, ಮ್ಯಾನೇಜರ್, ಅಧ್ಯಕ್ಷ ಯಾರೇ ಆಗಲಿ, ಆ ದಿನಗಳಲ್ಲಿ ಕುಡಿಯಬಾರದು, ಏನೂ ತಗೋಬಾರದು ಅನ್ನುವ ನಿಯಮ ನಮ್ಮಲ್ಲಿ ಇದೆಯಾ ಅಂತ ಕೇಳಿ. ಉತ್ತರ ಬರೆದು ಕೊಡಿ ಅನ್ನಿ. ಇಂಥ ಒಂದು ಪತ್ರದಿಂದ ಒಂದು ಕ್ಲಬ್ಬಲ್ಲಿ ರಾತ್ರಿ ಪಾರ್ಟಿಗಳೇ ನಿಂತಿದ್ದನ್ನು ನಾನು ನೋಡಿದ್ದೇನೆ. ಯಾರ ಮೇಲೂ ಆರೋಪ ಮಾಡಿರಲಿಲ್ಲ, ಪೋಷಕರು ಕೇಳ್ತಿದ್ದಾರೆ ಅಂತ ಗೊತ್ತಾಗಿದ್ದೇ ಸಾಕಾಯಿತು.

ಪ್ರಶ್ನೆ: ನಾನು ಒಂದು ಸಣ್ಣ ಕ್ಲಬ್ಬಿನ ಕಾರ್ಯದರ್ಶಿ. ನಮ್ಮ ಪದಾಧಿಕಾರಿ ಒಬ್ಬರು ನನ್ನ ಹತ್ತಿರ ಬಂದು, ಚಟ ಆಗಿದೆ, ಬಿಡಬೇಕು ಅಂತಿದ್ದೇನೆ, ಯಾರಿಗೂ ಹೇಳಬೇಡ ಅಂದರು. ಏನು ಮಾಡಲಿ?

ಅವರು ಬಾಯಿಬಿಟ್ಟರಲ್ಲ, ಅದೇ ದೊಡ್ಡದು. ಅದನ್ನು ಅವರ ವಿರುದ್ಧ ಆಯುಧ ಮಾಡಬೇಡಿ.

ನಮ್ಮ ದೇಶದಲ್ಲಿ ಸೇವನೆಯೂ ಅಪರಾಧ. ಕೊಕೇನ್‌ಗೆ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಗಾಂಜಾದಂಥವಕ್ಕೆ ಆರು ತಿಂಗಳವರೆಗೆ. ಆದರೆ ಎನ್‌ಡಿಪಿಎಸ್ ಅನ್ನೋ ಮಾದಕ ವಸ್ತು ತಡೆ ಕಾಯ್ದೆಯಲ್ಲೇ 64ಎ ಅಂತ ಒಂದು ಕಲಂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮುಗಿಸಿದರೆ ಕೇಸಿನಿಂದ ರಕ್ಷಣೆ ಸಿಗುತ್ತೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಮೊದಲು ಫೋನಲ್ಲಿ ಮಾತಾಡಬೇಕು ಅಂದರೆ ವ್ಯಸನ ಬಿಡಿಸುವ ಸಹಾಯವಾಣಿ 14446, ದುಡ್ಡು ಕೊಡಬೇಕಿಲ್ಲ.

ಗುಟ್ಟಿನ ಮಾತಿಗೆ ಬರೋಣ. ಕಾಯಿಲೆ ಗುಟ್ಟಾಗಿರಲಿ, ಕೆಲಸ ಗುಟ್ಟಾಗಿರಬಾರದು. ಅವರು ಆರೋಗ್ಯದ ಕಾರಣಕ್ಕೆ ರಜೆ ಅಂತ ಪತ್ರ ಕೊಡಲಿ. ಏನು ಕಾಯಿಲೆ ಅಂತ ಸಾಮಾನ್ಯ ಸಭೆಯಲ್ಲಿ ಹೇಳಬೇಕಿಲ್ಲ. ಆದರೆ ರಜೆಯಲ್ಲಿರುವಾಗ ಚೆಕ್ಕಿಗೆ ಸಹಿ, ಆಟಗಾರರ ಆಯ್ಕೆ, ಶಿಸ್ತಿನ ವಿಚಾರಣೆ ಮೂರೂ ಅವರ ಕೈಯಲ್ಲಿ ಇರಬಾರದು. ಕ್ಲಬ್ಬಿನ ದುಡ್ಡು ಹೋಗಿದೆಯಾ ಅಂತ ಲೆಕ್ಕ ನೋಡಿಸಿ. ಹೋಗಿದ್ದರೆ ಅಥವಾ ಯಾವ ಹುಡುಗನಿಗಾದರೂ ನಶೆ ವಸ್ತು ಕೊಟ್ಟಿದ್ದರೆ ಗುಟ್ಟು ಕಾಯುವ ನಿಮ್ಮ ಮಾತು ಅಲ್ಲಿಗೆ ಮುಗಿಯಿತು, ಅದನ್ನು ಮುಚ್ಚಿಡೋಕೆ ನಿಮಗೆ ಅಧಿಕಾರ ಇಲ್ಲ. ಇದನ್ನು ಅವರಿಗೆ ಈಗಲೇ, ಮುಖಕ್ಕೆ ಮುಖ ಕೊಟ್ಟು ಹೇಳಿಬಿಡಿ.

ವಾಪಸ್ ಬಂದಾಗ ಜಾಗ ಕೊಡಿ. ಡೌಮ್ ಕೂಡ 2001ರಲ್ಲೇ ಟರ್ಕಿಯ ಬೆಶಿಕ್ತಾಶ್ ತಂಡದ ಕೋಚ್ ಆದರು, ಆಮೇಲೆ ಫೆನರ್‌ಬಾಹ್ಚೆ, ಮತ್ತೆ ಕಲೋನ್, ಕೊನೆಗೆ ರೊಮೇನಿಯಾ ರಾಷ್ಟ್ರೀಯ ತಂಡದವರೆಗೂ ಹೋದರು. ನಿಮ್ಮವರನ್ನು ಮೊದಲ ದಿನ ನಿಮ್ಹಾನ್ಸ್‌ಗೆ ಒಬ್ಬರನ್ನೇ ಕಳಿಸಬೇಡಿ. ಒಪ್ಪಿದರೆ ನೀವೇ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿರಿ.