ಜೋರು ಮಾಡಿದವನೇ ಗೆಲ್ಲುವ ಮನೆ

ಪ್ರಶ್ನೆ: ಅಕ್ಕಾ, ನಮ್ಮದು ಯಾದಗಿರಿ ಹತ್ತಿರ ಹಳ್ಳಿ. ಯಜಮಾನರು ಬೆಂಗಳೂರಿಗೆ ಗುಳೆ ಹೋಗಿದ್ದಾರೆ, ಹಬ್ಬಕ್ಕೆ ಮಾತ್ರ ಬರುತ್ತಾರೆ. ಮಗನಿಗೆ 15 ವರ್ಷ. ಹೋದ ವರ್ಷದಿಂದ ಶಾಲೆ ತಪ್ಪಿಸುತ್ತಾನೆ, ಸಣ್ಣ ಹುಡುಗರನ್ನು ಹೊಡೆಯುತ್ತಾನೆ, ಮೊನ್ನೆ ಪಕ್ಕದ ಓಣಿಯವರ ಬೈಕಿನಿಂದ ಪೆಟ್ರೋಲ್ ಕದ್ದು ಸಿಕ್ಕಿಬಿದ್ದ. ಕೇಳಿದರೆ ತಟ್ಟೆ ಎಸೆಯುತ್ತಾನೆ. ಅವರಪ್ಪ ಬಂದಾಗ ಬೆಲ್ಟಿನಿಂದ ಬಾರಿಸುತ್ತಾರೆ. ಎಲ್ಲರೂ ಕೆಟ್ಟ ಸಹವಾಸ ಅನ್ನುತ್ತಾರೆ. ತಪ್ಪು ನನ್ನದಾ?

ಉತ್ತರ: ತಂಗಿ, ತಪ್ಪಿನ ಮಾತು ಪಕ್ಕಕ್ಕಿಡಿ. ತಟ್ಟೆ ಎಸೆದ ಮೇಲೆ ನೀವು ಸುಮ್ಮನಾಗುತ್ತೀರಿ, ಅಲ್ವಾ? ದಿನವಿಡೀ ಹತ್ತಿ ಬಿಡಿಸಿ ಬಂದವರಿಗೆ ಜಗಳಕ್ಕೆ ತ್ರಾಣ ಎಲ್ಲಿರುತ್ತದೆ! ಆದರೆ ಜೋರು ಮಾಡಿದರೆ ಅವ್ವ ಬಿಟ್ಟುಬಿಡುತ್ತಾಳೆ ಅಂತ ಅವನು ಕಲಿಯುತ್ತಾನೆ, ಬಿಟ್ಟುಬಿಟ್ಟರೆ ಮನೆ ತಣ್ಣಗಾಗುತ್ತದೆ ಅಂತ ನೀವು ಕಲಿಯುತ್ತೀರಿ, ಮರುದಿನ ಅದೇ ಜಗಳ ಇನ್ನೂ ಜೋರಾಗಿ. ಅಮೆರಿಕದ ಒರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ತಂಡದೊಂದಿಗೆ ಇಂಥ ಮಕ್ಕಳ ಮನೆಗಳಲ್ಲೇ ಕೂತು, ಯಾರು ಏನಂದರು, ಆಮೇಲೆ ಏನಾಯಿತು ಅಂತ ಬರೆದಿಟ್ಟುಕೊಂಡು ನೋಡಿದಾಗ ಕಂಡಿದ್ದೂ ಇದೇ. ಮನೆಯಲ್ಲಿ ಗೆದ್ದ ದಾರಿಯನ್ನೇ ಹುಡುಗ ಶಾಲೆಗೂ ಒಯ್ಯುತ್ತಾನೆ. ಅಲ್ಲಿ ಒಳ್ಳೆ ಹುಡುಗರು ದೂರ ಸರಿಯುತ್ತಾರೆ, ಉಳಿಯುವುದು ಇವನಂಥವರೇ. ಸಹವಾಸ ಎಷ್ಟೋ ಸಲ ಆಮೇಲೆ ಬರುತ್ತದೆ.

ಬೆಲ್ಟು ಇದನ್ನು ಸರಿಮಾಡುವುದಿಲ್ಲ. ಬಲ ಇದ್ದವನು ಹೊಡೆಯಬಹುದು ಅನ್ನುವುದನ್ನು ಅಪ್ಪನಿಂದ ಕಲಿತು, ತನಗಿಂತ ಸಣ್ಣವರ ಮೇಲೆ ತೋರಿಸುತ್ತಿದ್ದಾನೆ. ಯಜಮಾನರಿಗೆ ಇದನ್ನು ಹೇಳಲೇಬೇಕು. ಹೊಡೆಯುವ ಬದಲು ದಿನಾ ಸಂಜೆ ಐದು ನಿಮಿಷ ಮಗನಿಗೆ ಫೋನ್ ಮಾಡಲಿ, ದೂರು ಕೇಳುವುದಕ್ಕಲ್ಲ, ಊಟ ಆಯ್ತಾ, ಇವತ್ತು ಎಲ್ಲಿದ್ದೆ, ಯಾರ ಜೊತೆ ಅಂತ ಸುಮ್ನೆ ಮಾತಾಡಲಿ.

ನೀವು ಒಂದೇ ನಿಯಮ ಹಿಡಿಯಿರಿ: ರಾತ್ರಿ 8ಕ್ಕೆ ಮನೆ. ತಪ್ಪಿದರೆ ಮರುದಿನ ಮೊಬೈಲ್ ಇಲ್ಲ. ಅವನು ಕೂಗಲಿ, ನೀವು ಕೂಗಬೇಡಿ, ಮಾತನ್ನೂ ಬದಲಿಸಬೇಡಿ. ಮೊದಲ ವಾರ ಜಗಳ ಜಾಸ್ತಿಯೇ ಆಗುತ್ತದೆ, ಹೆದರಬೇಡಿ. ಹೊತ್ತಿಗೆ ಸರಿಯಾಗಿ ಬಂದ ದಿನ ಮಾತ್ರ ಬಾಯಿ ಬಿಟ್ಟು ಹೇಳಿ, ಬಂದಿದ್ದು ಚಲೋ ಆಯ್ತು ಅಂತ.

ಹೋದ ವರ್ಷದಿಂದ ಅಂದಿರಿ, ಅದೇ ನನಗೆ ಧೈರ್ಯ. ಹದಿಹರೆಯದಲ್ಲಿ ಶುರುವಾದ ಪುಂಡಾಟ ಬಹುಪಾಲು ಮಕ್ಕಳಲ್ಲಿ ದೊಡ್ಡವರಾಗುತ್ತಾ ನಿಲ್ಲುತ್ತದೆ, ತೀರಾ ಚಿಕ್ಕಂದಿನಿಂದ ಬಂದಿದ್ದರೆ ಕಷ್ಟ ಜಾಸ್ತಿ ಅಂತ ಟೆರ್ರಿ ಮಾಫಿಟ್ ಎಂಬ ಮನಶ್ಶಾಸ್ತ್ರಜ್ಞೆ 1993ರಲ್ಲೇ ಬರೆದಿದ್ದಾರೆ. ನಿಮ್ಮ ಮೇಲೆ ಕೈ ಎತ್ತಿದರೆ ಮಾತ್ರ ಕಾಯಬೇಡಿ, 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ.

ಪೆಟ್ರೋಲಿನ ದುಡ್ಡನ್ನು ನೀವು ಗುಟ್ಟಾಗಿ ಕೊಟ್ಟು ಮುಗಿಸಬೇಡಿ. ಭಾನುವಾರ ಅವನನ್ನೇ ಕರೆದುಕೊಂಡು ಆ ಬೈಕಿನವರ ಮನೆಗೆ ಹೋಗಿ. ನೀವು ಬಾಗಿಲಲ್ಲಿ ನಿಲ್ಲಿ, ಮಾತು ಅವನು ಆಡಲಿ.