ಸ್ಪ್ರಿಟ್ಸ್‌ಗೆ ಕರೆದರೆ ಹೋಗು ತಂಗಿ

ತಂಗಿ, ಲ್ಯಾಬಿನವರು ದಿನಾ ಸಂಜೆ ಸ್ಪ್ರಿಟ್ಸ್‌ಗೆ, ಅಂದ್ರೆ ವೈನಿಗೆ ಸೋಡಾ, ಕಹಿ ಪೇಯ ಬೆರೆಸಿದ ಇಟಲಿಯ ಪಾನೀಯಕ್ಕೆ, ಕರೆಯುತ್ತಾರೆ, ನಾನು ಕುಡಿಯುವುದಿಲ್ಲ, ಹೋಗಲೋ ಬೇಡವೋ ಅಂತ ಕೇಳಿದ್ದೀಯ. ಪಾದೊವಾದಲ್ಲಿ ಕಿತ್ತಳೆ ಬಣ್ಣ ಇರೋದು ವೆನಿಸ್‌ನಲ್ಲಿ ಯಾಕೆ ಕೆಂಪಗಿತ್ತು ಅಂತಲೂ ಕೇಳಿದ್ದೀಯ.

ಹೋಗು. ನಾನು ಬಂದ ಮೊದಲ ವರ್ಷ ಏನೋ ನೆಪ ಹೇಳಿ ರೂಮಿಗೆ ಬಂದುಬಿಡುತ್ತಿದ್ದೆ. ಇಲ್ಲಿನವರು ಮನೆಗೆ ಊಟಕ್ಕೆ ಕರೆಯುವುದು ಎಷ್ಟೋ ದಿನ ಆದಮೇಲೆ. ಅದಕ್ಕೂ ಮುಂಚೆ ಗ್ಲಾಸ್ ಹಿಡಿದು ಚೌಕದಲ್ಲಿ ನಿಂತು ಮಾತಾಡಬೇಕು. ನನಗೆ ಬಾಡಿಗೆ ಮನೆ ಸಿಕ್ಕಿದ್ದೂ ಅಂಥ ಒಂದು ಮಾತಿನಲ್ಲೇ.

ಸ್ಪ್ರಿಟ್ಸ್ ಅಂದ್ರೆ ಮೊದಲು ಬರೀ ವೈನು, ನೀರು. 1815ರಿಂದ 1866ರ ತನಕ ಈ ವೆನೆತೊ ಸೀಮೆ ಆಸ್ಟ್ರಿಯಾದ ಕೈಲಿತ್ತು. ಅಲ್ಲಿಂದ ಬಂದ ಸಿಪಾಯಿಗಳಿಗೆ ಇಲ್ಲಿನ ವೈನ್ ಖಡಕ್ ಅನಿಸಿ, ನೀರು ಚಿಮುಕಿಸಿಕೊಂಡು ಕುಡಿಯುತ್ತಿದ್ದರಂತೆ. ಜರ್ಮನ್ ಭಾಷೆಯಲ್ಲಿ 'ಸ್ಪ್ರಿಟ್ಸೆನ್' ಅಂದ್ರೆ ಚಿಮುಕಿಸುವುದು. ತ್ರಿಯೆಸ್ತೆ, ಊದಿನೆ ಕಡೆ ಹೋದರೆ ಇವತ್ತಿಗೂ ಬಿಳಿ ವೈನಿಗೆ ಸೋಡಾ ಹಾಕಿದ 'ಸ್ಪ್ರಿಟ್ಸ್ ಬಿಯಾಂಕೊ' ಸಿಗುತ್ತದೆ. ಬಣ್ಣವೇ ಇಲ್ಲ. ನನಗೆ ಅದೇ ಇಷ್ಟ.

ಬಣ್ಣ ಬಂದಿದ್ದು ಆಮೇಲೆ. 1919ರಲ್ಲಿ ನಮ್ಮ ಪಾದೊವಾದ ಮೇಳದಲ್ಲಿ ಬಾರ್ಬಿಯೇರಿ ಅಣ್ಣತಮ್ಮಂದಿರು ಅಪೆರೋಲ್ ತಂದರು. ಸ್ಪ್ರಿಟ್ಸ್‌ಗೆ ಕಿತ್ತಳೆ ಬಣ್ಣ ಕೊಡೋದು ಇದೇ: ಕಹಿ ಕಿತ್ತಳೆ, ಬೇರುಗಳು ಹಾಕಿದ ಪೇಯ, ಆಲ್ಕೋಹಾಲ್ ಶೇ. 11 ಅಷ್ಟೆ. ಮೂಗಿನ ಹತ್ತಿರ ಹಿಡಿದರೆ ಹೇರಳೆಕಾಯಿ ಸಿಪ್ಪೆ ಚಿವುಟಿದ ವಾಸನೆ! ಮುಂದಿನ ವರ್ಷವೇ ವೆನಿಸ್‌ನಲ್ಲಿ ಸೆಲೆಕ್ಟ್ ಬಂತು. ಅದು ಕೆಂಪು, ಕಹಿ ಜಾಸ್ತಿ, ಮೇಲೆ ಕಡ್ಡಿಗೆ ಚುಚ್ಚಿದ ಹಸಿರು ಆಲಿವ್. ನೀನು ನೋಡಿದ್ದು ಅದೇ ಇರಬೇಕು, ಇಲ್ಲದಿದ್ದರೆ ಕಂಪಾರಿ ಅನ್ನೋ ಇನ್ನೊಂದು ಕೆಂಪು ಕಹಿ ಪೇಯ. ಕಂಪಾರಿ ಮಾತ್ರ ಇಲ್ಲಿ ಶೇ. 25, ಅಪೆರೋಲ್‌ನ ಎರಡರಷ್ಟಕ್ಕಿಂತ ಜಾಸ್ತಿ. ಬ್ರೆಶಾದಲ್ಲಿ ಅದನ್ನು ಸಾದಾ ಬಿಳಿ ವೈನಿಗೆ ಬೆರೆಸಿ 'ಪಿರ್ಲೊ' ಅನ್ನುತ್ತಾರೆ, ಅಲ್ಲಿ ಸ್ಪ್ರಿಟ್ಸ್ ಅಂದರೆ ಸಣ್ಣ ಮುಖ ಮಾಡುತ್ತಾರೆ. ಉತ್ತರದ ಗುಡ್ಡಗಾಡಿನ ನತುರ್ನೊದಲ್ಲಿ 2005ರಲ್ಲಿ ಹುಟ್ಟಿದ 'ಹೂಗೊ' ಅನ್ನೋ ಪಾನೀಯಕ್ಕೆ ಕಹಿಯೇ ಇಲ್ಲ, ಎಲ್ಡರ್ ಹೂವಿನ ಸಿರಪ್ಪು, ಪುದೀನ.

2003ರಲ್ಲಿ ಕಂಪಾರಿ ಕಂಪನಿ ಅಪೆರೋಲ್ ಕೊಂಡಿತು. ಕಿತ್ತಳೆ ಗ್ಲಾಸು ಊರೂರು ಸುತ್ತಿದ್ದು ಆಮೇಲೆ. ಮೂರು ಪಾಲು ಪ್ರೊಸೆಕ್ಕೊ (ಗುಳ್ಳೆ ಏಳುವ ಬಿಳಿ ವೈನ್), ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ ಅನ್ನೋ ಲೆಕ್ಕ ಈಗ ಎಲ್ಲರ ಬಾಯಲ್ಲೂ ಇದೆ. ನಮ್ಮ ಬೀದಿಯ ಬಾರಿನ ಅಜ್ಜ ಅಳತೆಯನ್ನೇ ಮಾಡುವುದಿಲ್ಲ. ಗ್ಲಾಸ್ ತುಂಬ ಐಸ್ ಸುರಿದು, ವೈನ್ ಹಾಕಿ, ಅಪೆರೋಲ್ ಅನ್ನು ಸುತ್ತ ತಿರುಗಿಸುತ್ತಾ ಬಿಡುತ್ತಾನೆ. ಕಿತ್ತಳೆ ಗೆರೆ ಐಸ್ ಸಂದಿನಲ್ಲಿ ಇಳಿಯುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು.

ಈಗ ನಿನ್ನ ವಿಷಯ. 'ಉನ್ ಅನಾಲ್ಕೋಲಿಕೊ', ಅಂದ್ರೆ ಆಲ್ಕೋಹಾಲ್ ಇಲ್ಲದ್ದು ಒಂದು, ಅಂತ ಕೇಳು. ಕ್ರೊದೀನೊ ಕೊಡುತ್ತಾರೆ: ಅದೇ ಬಣ್ಣ, ಅದೇ ಸಣ್ಣ ಕಹಿ, ಆಲ್ಕೋಹಾಲ್ ಇಲ್ಲ. ಯಾಕೆ ಕುಡಿಯಲ್ಲ ಅಂತ ಯಾರೂ ಕೆದಕುವುದಿಲ್ಲ. ಚಿಪ್ಸ್, ಆಲಿವ್ ಜೊತೆಗೆ ಬರುತ್ತದೆ, ಆದರೆ ಅದೇ ಊಟ ಅಂದುಕೊಳ್ಳಬೇಡ. ವೆನಿಸ್‌ಗೆ ಮತ್ತೆ ಹೋದಾಗ ಒಂದು ನೆನಪಿಟ್ಟುಕೋ. ಬ್ರೆಡ್ ಮೇಲೆ ಬೆಣ್ಣೆಯ ಹಾಗೆ ಬೆಳ್ಳಗೆ ಸವರಿರೋದು ಬೆಣ್ಣೆಯಲ್ಲ, ಒಣಗಿಸಿದ ಕಾಡ್ ಮೀನನ್ನು ಎಣ್ಣೆ ಹಾಕಿ ಕಡೆದಿದ್ದು. ನೀನು ಸಸ್ಯಾಹಾರಿ ಅಲ್ವಾ, 'ಚೆ ಪೆಶೆ?' (ಮೀನು ಇದೆಯಾ?) ಅಂತ ಕೇಳಿಯೇ ಬಾಯಿಗಿಡು.

ಮೊದಲ ಸಲ ಒಬ್ಬಳೇ ಹೋಗಲು ಸಂಕೋಚ ಆದರೆ ಶುಕ್ರವಾರ ಆರೂವರೆಗೆ ಪಿಯಾತ್ಸಾ ದೆಲ್ಲೆ ಎರ್ಬೆ ಚೌಕಕ್ಕೆ ಬಾ. ಕಾರಂಜಿ ಹತ್ತಿರ ನಿಂತಿರುತ್ತೇನೆ.