ಕಾರು ನಿಲ್ಲಿಸುವ ಅಂಗಳಕ್ಕೆ ರೆಸಿನ್-ಬೌಂಡ್ (ಸಣ್ಣ ಕಲ್ಲನ್ನು ರೆಸಿನ್ ಎಂಬ ಅಂಟಿನಲ್ಲಿ ಕಲಸಿ ಹಾಸುವ ನೆಲ) ಹಾಕಿಸುವುದಾದರೆ ಎಂಥ ಕಲ್ಲು ಆರಿಸಬೇಕು?

ಮಾದರಿ ಹಲಗೆಯ ಬಣ್ಣಕ್ಕೆ ಮರುಳಾಗುವ ಮುನ್ನ ಒಂದು ಮಾತು ಕೇಳಿ: ಕಲ್ಲು ಪೂರ್ತಿ ಒಣಗಿದೆಯೇ? ಪಾಲಿಯುರಿಥೇನ್ ರೆಸಿನ್‌ಗೆ ನೀರು ತಾಗಿದರೆ ನೊರೆ ಏಳುತ್ತದೆ, ಪದರ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಈ ಕೆಲಸಕ್ಕೆ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಚೀಲ ಕಟ್ಟಿದ ಕಲ್ಲೇ ಬೇಕು. ಕ್ರಷರ್‌ನಿಂದ ನೇರವಾಗಿ ಬಂದ ಬೇಬಿ ಜಲ್ಲಿ ಆಗದು. ಅದರ ದೂಳು ರೆಸಿನ್ ಕುಡಿದುಬಿಡುತ್ತದೆ, ಕಲ್ಲಿಗೆ ಅಂಟು ಸಾಲದು.

ಕಾರಿನ ಚಕ್ರ ತಿರುಗುವ ಕಡೆ ಗ್ರಾನೈಟ್‌ನಂಥ ಗಟ್ಟಿ ಕಲ್ಲು ಒಳ್ಳೆಯದು. ಮೆತ್ತನೆಯ ಸುಣ್ಣದ ಕಲ್ಲು ಸವೆಯುತ್ತದೆ. ಕಬ್ಬಿಣದ ಅಂಶವಿರುವ ಕಲ್ಲು ಮಳೆಗೆ ತುಕ್ಕಿನ ಕಲೆ ಬಿಡುತ್ತದೆ, ಅದನ್ನು ಉಜ್ಜಿ ತೆಗೆಯಲಾಗದು. ಒಂದೇ ಗಾತ್ರದ ಕಲ್ಲಿಗಿಂತ 2–5 ಮಿ.ಮೀ. ಮತ್ತು 1–3 ಮಿ.ಮೀ. ಬೆರೆಸಿದರೆ ಹಿಡಿತ ಬಿಗಿ, ನೀರು ಇಂಗಲೂ ಸಂದಿ ಉಳಿಯುತ್ತದೆ. ಈ ಮಿಶ್ರಣಕ್ಕೆ ಸುಮಾರು 18 ಮಿ.ಮೀ. ದಪ್ಪ ಇರಲಿ, 10 ಮಿ.ಮೀ. ಕಲ್ಲು ಬೇಕೆಂದರೆ ದಪ್ಪವೂ ಹೆಚ್ಚಬೇಕು.

ಬಿಳಿ, ಕೆನೆ ಬಣ್ಣದವು ಚೆಂದವೇ, ಆದರೆ ಟೈರ್ ಗುರುತು ಎದ್ದು ಕಾಣುತ್ತದೆ. ಬಿಸಿಲು ತಾಳದ ಅಗ್ಗದ ರೆಸಿನ್ ಹಾಕಿದರೆ ಹಳದಿಯೂ ಆಗುತ್ತವೆ. ಬೂದು-ಕಂದು ಮಿಶ್ರಣವೇ ನನ್ನ ಆಯ್ಕೆ. ಅಂದಹಾಗೆ, ಕೆಳಗೆ ಸಾದಾ ಕಾಂಕ್ರೀಟ್ ಇದ್ದರೆ ನೀರು ಇಂಗುವುದಿಲ್ಲ, ಇಳಿಜಾರು ಕೊಟ್ಟಿರಬೇಕು.